ಸಿಗ್ನಲ್ ತುಂಬಿದೆ, ಪುಟ ತೆರೆಯುವುದಿಲ್ಲ: ಮನೆಯ ಇಂಟರ್ನೆಟ್ ದೋಷವನ್ನು ಹುಡುಕುವ ಬಗೆ

ಫೋನಿನ ಮೇಲಂಚಿನಲ್ಲಿರುವ ವೈಫೈ ಗುರುತು ಹೇಳುವುದು ಒಂದೇ ಸಂಗತಿಯನ್ನು: ಫೋನಿಗೂ ರೂಟರ್‌ಗೂ ನಡುವೆ ರೇಡಿಯೊ ಸಂಪರ್ಕ ಇದೆ. ರೂಟರ್‌ನ ಆಚೆ ತಂತಿ ತುಂಡಾಗಿದ್ದರೂ, ಸೇವೆ ಕೊಡುವ ಕಂಪನಿಯ ಯಂತ್ರ ನಿಂತುಹೋಗಿದ್ದರೂ ಆ ಗುರುತು ತುಂಬಿಕೊಂಡೇ ಇರುತ್ತದೆ. ‘ಸಿಗ್ನಲ್ ಚೆನ್ನಾಗಿದೆ, ಆದರೂ ಏನೂ ತೆರೆಯುತ್ತಿಲ್ಲ’ ಎಂಬ ದೂರಿನಲ್ಲಿ ವಿಚಿತ್ರವೇನೂ ಇಲ್ಲ.

‘ಇಂಟರ್ನೆಟ್ ಹೋಗಿದೆ’ ಎನ್ನುವ ಮಾತಿನೊಳಗೆ ಒಂದಕ್ಕೊಂದು ಸಂಬಂಧವಿಲ್ಲದ ಹಲವು ದೋಷಗಳು ಅಡಗಿರುತ್ತವೆ. ಸಾಧನಕ್ಕೆ ಐಪಿ ವಿಳಾಸ, ಅಂದರೆ ಜಾಲದಲ್ಲಿ ಅದನ್ನು ಗುರುತಿಸುವ ಸಂಖ್ಯೆ, ಸಿಕ್ಕಿರುವುದಿಲ್ಲ; ಗಾಳಿಯಲ್ಲಿ ಗದ್ದಲ ಹೆಚ್ಚಿರುತ್ತದೆ; ಕೇಬಲ್‌ನ ಒಂದು ಎಳೆ ಕೈಕೊಟ್ಟಿರುತ್ತದೆ; ತಾಣದ ಹೆಸರನ್ನು ಸಂಖ್ಯೆಯಾಗಿ ಬದಲಿಸುವ ಡಿಎನ್‌ಎಸ್ ಸರ್ವರ್ ಮಾತಾಡುತ್ತಿರುವುದಿಲ್ಲ; ಹೊರಗಿನ ಲೈನ್ ಸತ್ತಿರುತ್ತದೆ; ಇಲ್ಲವೇ ನೀವು ನೋಡಬೇಕೆಂದಿದ್ದ ತಾಣವೇ ಬಿದ್ದುಹೋಗಿರುತ್ತದೆ. ಪರದೆಯ ಮೇಲೆ ಇವೆಲ್ಲವೂ ಒಂದೇ ರೀತಿ ಕಾಣುತ್ತವೆ: ತಿರುಗುತ್ತಲೇ ಇರುವ ಚಕ್ರ. ಈ ಕೈಪಿಡಿ ದುರಸ್ತಿಗಿಂತ ಹೆಚ್ಚಾಗಿ ದೋಷದ ಜಾಗವನ್ನು ಗುರುತಿಸುವುದರ ಬಗ್ಗೆ. ಜಾಗ ಗೊತ್ತಾದರೆ ದುರಸ್ತಿ ಬಹುತೇಕ ಸಲ ಕೆಲವೇ ನಿಮಿಷಗಳ ಕೆಲಸ.

ಆರಿಸಿ ಹಚ್ಚುವ ಮುನ್ನ

ರೂಟರ್ ಅನ್ನು ಆರಿಸಿ ಹಚ್ಚಿದರೆ ಅನೇಕ ಸಲ ಎಲ್ಲವೂ ಸರಿಯಾಗುತ್ತದೆ, ನಿಜ. ಆದರೆ ಆ ಒಂದು ಕ್ರಿಯೆಯಿಂದ ಹಲವು ಬದಲಾವಣೆಗಳು ಒಟ್ಟಿಗೆ ಆಗುತ್ತವೆ. ಹೊರಗಿನ ಸಂಪರ್ಕ ಹೊಸದಾಗಿ ಏರ್ಪಡುತ್ತದೆ, ಐಪಿ ವಿಳಾಸ ಬದಲಾಗಬಹುದು, ರೂಟರ್ ಬೇರೊಂದು ವೈಫೈ ಚಾನೆಲ್ ಆರಿಸಿಕೊಳ್ಳಬಹುದು, ತುಂಬಿಹೋಗಿದ್ದ ಸಂಪರ್ಕಗಳ ಪಟ್ಟಿ ಖಾಲಿಯಾಗುತ್ತದೆ. ಯಾವುದರಿಂದ ಗುಣವಾಯಿತು ಎಂದು ತಿಳಿಯುವ ದಾರಿಯೇ ಉಳಿಯುವುದಿಲ್ಲ. ಬಹಳಷ್ಟು ಮನೆಬಳಕೆಯ ರೂಟರ್‌ಗಳು ತಮ್ಮ ಲಾಗ್ (ಆಗುಹೋಗುಗಳ ದಾಖಲೆ) ಅನ್ನು ತಾತ್ಕಾಲಿಕ ಮೆಮೊರಿಯಲ್ಲಿ ಇಟ್ಟುಕೊಳ್ಳುವುದರಿಂದ ವಿದ್ಯುತ್ ಹೋದೊಡನೆ ಆ ಸಾಕ್ಷ್ಯವೂ ಅಳಿಸಿಹೋಗುತ್ತದೆ. ವಾರಕ್ಕೊಮ್ಮೆ ಆರಿಸಿ ಹಚ್ಚಬೇಕಾದ ರೂಟರ್ ರಿಪೇರಿಯಾದ ರೂಟರ್ ಅಲ್ಲ.

ಆದ್ದರಿಂದ ಗುಂಡಿ ಒತ್ತುವ ಮೊದಲು ದೀಪಗಳ ಫೋಟೊ ತೆಗೆದುಕೊಳ್ಳಿ, ಗಂಟೆ ನೋಡಿಕೊಳ್ಳಿ. ಆಮೇಲೆ ಮೂರು ಪ್ರಶ್ನೆಗಳು.

ಒಂದೇ ಸಾಧನಕ್ಕೆ ತೊಂದರೆಯೇ, ಎಲ್ಲಕ್ಕೂ ಇದೆಯೇ? ಲ್ಯಾಪ್‌ಟಾಪ್‌ನಲ್ಲಿ ಪುಟ ತೆರೆಯುತ್ತಿದ್ದು ಫೋನಿನಲ್ಲಿ ಮಾತ್ರ ತೆರೆಯದಿದ್ದರೆ ಲೈನ್ ಬಗ್ಗೆ ಚಿಂತೆ ಬಿಡಿ, ಮೊದಲು ಹುಡುಕಬೇಕಾದದ್ದು ಫೋನಿನೊಳಗೆ. ಒಂದೇ ತಾಣವೇ, ಎಲ್ಲ ತಾಣಗಳೂ ಹಾಗೆಯೇ? ಒಂದೇ ತಾಣವಾದರೆ ವೈಫೈ ಆರಿಸಿ ಮೊಬೈಲ್ ಡೇಟಾದಲ್ಲಿ ಅದನ್ನು ತೆರೆದು ನೋಡಿ. ಅಲ್ಲಿಯೂ ಬರದಿದ್ದರೆ ದೋಷ ಹೆಚ್ಚಾಗಿ ಆ ತಾಣದ್ದು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸ್‌ಆ್ಯಪ್ ಮೂರೂ ಜಗತ್ತಿನಾದ್ಯಂತ ಸುಮಾರು ಆರು ಗಂಟೆ ನಿಂತುಹೋಗಿದ್ದವು. ಅಂಥ ದಿನ ನಿಮ್ಮ ರೂಟರ್‌ಗೆ ಮಾಡಬಹುದಾದ ಉಪಚಾರ ಯಾವುದೂ ಇಲ್ಲ. ಮೂರನೆಯದು, ತೊಂದರೆ ಸದಾ ಇದೆಯೇ, ಬಂದು ಹೋಗುತ್ತದೆಯೇ? ಸದಾ ಇರುವ ದೋಷವನ್ನು ಹಿಡಿಯುವುದು ಸುಲಭ. ಬಂದು ಹೋಗುವುದಕ್ಕೆ ಸಮಯದ ಟಿಪ್ಪಣಿ ಬೇಕು, ಏಕೆಂದರೆ ಅದಕ್ಕೊಂದು ಲಯವಿರುತ್ತದೆ: ಸಂಜೆ ಹೊತ್ತು, ಮಳೆ ಬಂದಾಗ, ಯಾರೋ ದೊಡ್ಡ ಫೈಲ್ ಕಳಿಸುವಾಗ, ಮೈಕ್ರೋವೇವ್ ಒಲೆ ಓಡುವಾಗ.

‘ಸಂಪರ್ಕವಿದೆ, ಇಂಟರ್ನೆಟ್ ಇಲ್ಲ’ ಎಂಬ ಸಂದೇಶವನ್ನು ಕಣ್ಣುಮುಚ್ಚಿ ನಂಬಬೇಡಿ. ಫೋನ್ ಅಥವಾ ಕಂಪ್ಯೂಟರ್ ತನ್ನ ತಯಾರಕರು ಗೊತ್ತುಮಾಡಿದ ಒಂದು ಪುಟ್ಟ ಪುಟವನ್ನು ತರಲು ಯತ್ನಿಸುತ್ತದೆ. ಅದು ಬರದಿದ್ದರೆ ಹೀಗೆ ಘೋಷಿಸುತ್ತದೆ. ಜಾಹೀರಾತು ತಡೆಯುವ ಸಾಧನವೊಂದು ಆ ವಿಳಾಸವನ್ನು ತಡೆದಿದ್ದರೂ ಇದೇ ಸಂದೇಶ ಬರುತ್ತದೆ, ಉಳಿದ ತಾಣಗಳೆಲ್ಲ ಸಲೀಸಾಗಿ ತೆರೆಯುತ್ತಿದ್ದರೂ.

ನಾಲ್ಕು ಮೆಟ್ಟಿಲು

ಇನ್ನು ಮುಂದಿನ ಪರೀಕ್ಷೆಗೆ ಕಂಪ್ಯೂಟರ್ ಇದ್ದರೆ ಅನುಕೂಲ. ಪಿಂಗ್ ಮಾಡುವ ಉಚಿತ ಆ್ಯಪ್‌ಗಳು ಫೋನಿಗೂ ಸಿಗುತ್ತವೆ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್, ಮ್ಯಾಕ್ ಮತ್ತು ಲಿನಕ್ಸ್‌ನಲ್ಲಿ ಟರ್ಮಿನಲ್ ತೆರೆಯಿರಿ. ಪಿಂಗ್ ಎಂಬುದು ಒಂದು ವಿಳಾಸಕ್ಕೆ ಸಣ್ಣ ಪೊಟ್ಟಣ (ಪ್ಯಾಕೆಟ್, ಅಂದರೆ ಮಾಹಿತಿಯ ತುಣುಕು) ಕಳಿಸಿ, ಉತ್ತರ ಎಷ್ಟು ಮಿಲಿಸೆಕೆಂಡಿನಲ್ಲಿ ಬಂತು ಎಂದು ಅಳೆಯುವ ಆದೇಶ. ಒಳಗಿನಿಂದ ಹೊರಗೆ ಒಂದೊಂದೇ ಮೆಟ್ಟಿಲು ಇಳಿಯುತ್ತ ಹೋಗಬೇಕು. ಎಲ್ಲಿ ಉತ್ತರ ನಿಲ್ಲುತ್ತದೆಯೋ ದೋಷ ಅದಕ್ಕೂ ಹಿಂದಿನ ಮೆಟ್ಟಿಲಿಗೂ ನಡುವೆ ಇದೆ.

ಮೊದಲು ಸಾಧನದ ಸ್ವಂತ ವಿಳಾಸ ನೋಡಿ. ವೈಫೈ ಸೆಟ್ಟಿಂಗ್ಸ್‌ನ ವಿವರಗಳಲ್ಲಿ ಐಪಿ ವಿಳಾಸ ಸಿಗುತ್ತದೆ. ಮನೆಯೊಳಗಿನ ವಿಳಾಸ ಸಾಮಾನ್ಯವಾಗಿ 192.168 ಅಥವಾ 10 ಎಂದು ಆರಂಭವಾಗುತ್ತದೆ. ಅದರ ಬದಲು 169.254 ಎಂದಿದ್ದರೆ ಸಾಧನ ವಿಳಾಸ ಕೇಳಿದೆ, ರೂಟರ್ ಕೊಟ್ಟಿಲ್ಲ, ಸಾಧನ ತಾನೇ ಒಂದನ್ನು ಕಲ್ಪಿಸಿಕೊಂಡಿದೆ. ಇದರಾಚೆಯ ಯಾವ ಪರೀಕ್ಷೆಯೂ ಬೇಡ. ಆ ಸಾಧನದಲ್ಲಿ ವೈಫೈ ಹೆಸರನ್ನು ಮರೆಯುವಂತೆ ಮಾಡಿ ಮತ್ತೆ ಸೇರಿಸಿ. ಆಗಲೂ ಹಾಗೆಯೇ ಇದ್ದರೆ ಎರಡು ಕಡೆ ನೋಡಿ. ರೂಟರ್‌ನಲ್ಲಿ ವಿಳಾಸ ಹಂಚುವ ಡಿಎಚ್‌ಸಿಪಿ ಸೇವೆ ಚಾಲೂ ಇದೆಯೇ? ಹಂಚಲು ಇಟ್ಟ ವಿಳಾಸಗಳು ಮುಗಿದಿವೆಯೇ? ಹಳೆಯ ರೂಟರ್ ಒಂದನ್ನು ವೈಫೈ ವಿಸ್ತರಿಸಲೆಂದು ಜೋಡಿಸಿದ ಮನೆಗಳಲ್ಲಿ ಎರಡೂ ರೂಟರ್‌ಗಳು ವಿಳಾಸ ಹಂಚತೊಡಗಿ ಗೊಂದಲವಾಗುವುದೂ ಉಂಟು. ಅಂಥಲ್ಲಿ ಹಂಚುವ ಕೆಲಸ ಒಂದರ ಕೈಯಲ್ಲಿ ಮಾತ್ರ ಇರಬೇಕು.

ಎರಡನೆಯ ಮೆಟ್ಟಿಲು ರೂಟರ್. ಅದೇ ವಿವರಗಳ ಪುಟದಲ್ಲಿ ಗೇಟ್‌ವೇ ಎಂದು ಅದರ ವಿಳಾಸ ಇರುತ್ತದೆ, ಬಹುಪಾಲು 192.168.1.1 ಅಥವಾ 192.168.0.1. ಅದಕ್ಕೆ ಪಿಂಗ್ ಮಾಡಿ. ವಿಂಡೋಸ್ ನಾಲ್ಕು ಪೊಟ್ಟಣಕ್ಕೇ ನಿಲ್ಲಿಸಿಬಿಡುತ್ತದೆ, ನಾಲ್ಕರಿಂದ ಏನೂ ತಿಳಿಯದು. ಆದೇಶದ ಕೊನೆಗೆ ಹೈಫನ್ ಮತ್ತು ಟಿ ಅಕ್ಷರ (-t) ಸೇರಿಸಿ ಒಂದೆರಡು ನಿಮಿಷ ಓಡಲು ಬಿಡಿ. ಕೇಬಲ್‌ನಲ್ಲಿದ್ದರೆ ಉತ್ತರ ಒಂದು ಮಿಲಿಸೆಕೆಂಡ್ ಆಸುಪಾಸಿನಲ್ಲಿ, ವೈಫೈನಲ್ಲಿದ್ದರೆ ಕೆಲವೇ ಮಿಲಿಸೆಕೆಂಡುಗಳಲ್ಲಿ ಬರಬೇಕು. 3, 4, 180, 5, 420, ಉತ್ತರವಿಲ್ಲ, 6 ಎಂದು ಸಂಖ್ಯೆ ಕುಣಿಯುತ್ತಿದ್ದರೆ ರೋಗ ಮನೆಯೊಳಗೇ ಇದೆ. ಕಂಪನಿಗೆ ಕರೆ ಮಾಡುವ ಅಗತ್ಯವಿಲ್ಲ.

ಮೂರನೆಯದು ಹೊರಗಿನ ಒಂದು ಸಂಖ್ಯಾ ವಿಳಾಸ. ಗೂಗಲ್ 2009ರಲ್ಲಿ ಆರಂಭಿಸಿದ ಸಾರ್ವಜನಿಕ ಡಿಎನ್‌ಎಸ್ ಸೇವೆಯ 8.8.8.8, ಕ್ಲೌಡ್‌ಫ್ಲೇರ್ 2018ರಲ್ಲಿ ಆರಂಭಿಸಿದ 1.1.1.1 ಈ ಕೆಲಸಕ್ಕೆ ಹೇಳಿಮಾಡಿಸಿದಂತಿವೆ. ನೆನಪಿಡಲೂ ಸುಲಭ, ಸಾಮಾನ್ಯವಾಗಿ ಪಿಂಗ್‌ಗೆ ಉತ್ತರವನ್ನೂ ಕೊಡುತ್ತವೆ. ರೂಟರ್‌ವರೆಗೆ ಸಂಖ್ಯೆಗಳು ಶಾಂತವಾಗಿದ್ದು ಇಲ್ಲಿ ಮಾತ್ರ ಉತ್ತರ ಬರದಿದ್ದರೆ ದೋಷ ರೂಟರ್‌ನಿಂದಾಚೆ. ಒಂದು ಎಚ್ಚರಿಕೆ: ಭದ್ರತೆಯ ಕಾರಣಕ್ಕೆ ಪಿಂಗ್‌ಗೆ ಉತ್ತರಿಸದ ಸರ್ವರ್‌ಗಳು ಬಹಳ ಇವೆ. ನಿಮ್ಮ ಬ್ಯಾಂಕಿನ ತಾಣ ಉತ್ತರಿಸಲಿಲ್ಲವೆಂದು ಅದು ಸತ್ತಿದೆ ಎಂದುಕೊಳ್ಳಬೇಡಿ.

ನಾಲ್ಕನೆಯದು ಒಂದು ಹೆಸರು. ಯಾವುದಾದರೂ ದೊಡ್ಡ ತಾಣದ ಹೆಸರಿಗೆ ಪಿಂಗ್ ಮಾಡಿ. ಉತ್ತರ ಬರುತ್ತದೆಯೋ ಇಲ್ಲವೋ ಎಂಬುದು ಇಲ್ಲಿ ಮುಖ್ಯವಲ್ಲ. ಹೆಸರಿನ ಪಕ್ಕದಲ್ಲಿ ಸಂಖ್ಯಾ ವಿಳಾಸ ಮೂಡಿತೇ ಎಂದು ನೋಡಿ. 8.8.8.8ಕ್ಕೆ ಪಿಂಗ್ ಓಡುತ್ತಿದ್ದು ಹೆಸರಿಗೆ ‘ಹೋಸ್ಟ್ ಸಿಗಲಿಲ್ಲ’ ಎಂದು ಬಂದರೆ, ಇಂಟರ್ನೆಟ್ ಹೋಗಿಯೇ ಇಲ್ಲ. ಹೋಗಿರುವುದು ಡಿಎನ್‌ಎಸ್.

ಹೆಸರು ಸಂಖ್ಯೆಯಾಗದಿದ್ದಾಗ

ಈ ದೋಷಕ್ಕೆ ನಾನು ಹೆಚ್ಚು ಜಾಗ ಕೊಡುತ್ತೇನೆ, ಏಕೆಂದರೆ ಇದರ ವೇಷಗಳು ಹಲವು. ಬ್ರೌಸರ್‌ನಲ್ಲಿ ಏನೂ ತೆರೆಯುವುದಿಲ್ಲ, ಆದರೆ ಈಗಾಗಲೇ ಓಡುತ್ತಿದ್ದ ವಿಡಿಯೊ ಓಡುತ್ತಲೇ ಇದೆ. ಏಕೆಂದರೆ ಅದು ಸರ್ವರ್‌ನ ಸಂಖ್ಯೆಯನ್ನು ಆಗಲೇ ಪಡೆದುಕೊಂಡಿದೆ. ಅಥವಾ ಬೆಳಗ್ಗೆ ನೋಡಿದ ತಾಣಗಳು ತೆರೆಯುತ್ತವೆ, ಹೊಸವು ತೆರೆಯುವುದಿಲ್ಲ. ಸಾಧನ ಹಳೆಯ ಉತ್ತರಗಳನ್ನು ಸ್ವಲ್ಪ ಕಾಲ ನೆನಪಿಟ್ಟುಕೊಳ್ಳುವುದರಿಂದ ಹೀಗಾಗುತ್ತದೆ. ಅಥವಾ ಪ್ರತಿ ಪುಟವೂ ಮೊದಲ ಐದಾರು ಸೆಕೆಂಡು ಬಿಳಿಯಾಗಿ ನಿಂತು ಆಮೇಲೆ ಒಮ್ಮೆಲೇ ಬರುತ್ತದೆ. ಮೊದಲ ಡಿಎನ್‌ಎಸ್ ಸರ್ವರ್ ಉತ್ತರಿಸದೆ, ಕಾದು ಸುಸ್ತಾಗಿ ಸಾಧನ ಎರಡನೆಯದನ್ನು ಕೇಳುತ್ತಿದೆ. ಇದನ್ನು ‘ನೆಟ್ ನಿಧಾನ’ ಎಂದು ಕರೆದು ಹೆಚ್ಚು ವೇಗದ ಪ್ಲ್ಯಾನ್‌ಗೆ ಹಣ ಕಟ್ಟಿದರೆ ಆ ಐದಾರು ಸೆಕೆಂಡು ಹಾಗೆಯೇ ಉಳಿಯುತ್ತದೆ.

ಪರೀಕ್ಷಿಸಲು ಎನ್‌ಎಸ್‌ಲುಕಪ್ (nslookup) ಎಂಬ ಆದೇಶವಿದೆ. ಅದರ ಮುಂದೆ ತಾಣದ ಹೆಸರು ಬರೆದರೆ ನಿಮ್ಮ ಸಾಧನ ಈಗ ಯಾವ ಸರ್ವರ್ ಅನ್ನು ಕೇಳುತ್ತಿದೆ, ಉತ್ತರವೇನು ಎರಡೂ ಕಾಣುತ್ತವೆ. ಹೆಸರಿನ ನಂತರ ಒಂದು ಜಾಗ ಬಿಟ್ಟು 1.1.1.1 ಎಂದು ಸೇರಿಸಿದರೆ ಅದೇ ಪ್ರಶ್ನೆ ಬೇರೆ ಸರ್ವರ್‌ಗೆ ಹೋಗುತ್ತದೆ. ಮೊದಲನೆಯದು ವಿಫಲವಾಗಿ ಎರಡನೆಯದು ಫಲಿಸಿದರೆ ತೀರ್ಪು ಸ್ಪಷ್ಟ. ಆಗ ಮೊದಲು ಒಂದೇ ಸಾಧನದಲ್ಲಿ ಡಿಎನ್‌ಎಸ್ ಬದಲಿಸಿ ನೋಡಿ. ಗುಣ ಕಂಡರೆ ಮಾತ್ರ ರೂಟರ್‌ನಲ್ಲಿ ಬದಲಿಸಿ. ನೇರ ರೂಟರ್‌ನಲ್ಲೇ ಕೈಯಾಡಿಸಿದರೆ, ಹೊಸ ತೊಂದರೆ ಬಂದಾಗ ಇಡೀ ಮನೆಗೆ ಬರುತ್ತದೆ.

ವಿಂಡೋಸ್‌ನಲ್ಲಿ ಹಳೆಯ ಉತ್ತರಗಳನ್ನು ಅಳಿಸಲು ಐಪಿಕಾನ್ಫಿಗ್ ಆದೇಶಕ್ಕೆ ಫ್ಲಶ್‌ಡಿಎನ್‌ಎಸ್ ಎಂಬ ಆಯ್ಕೆ ಇದೆ (ipconfig /flushdns). ಫೋನಿನಲ್ಲಿ ಏರ್‌ಪ್ಲೇನ್ ಮೋಡ್ ಹಾಕಿ ತೆಗೆದರೆ ಸಾಮಾನ್ಯವಾಗಿ ಅಷ್ಟೇ ಕೆಲಸವಾಗುತ್ತದೆ.

ಒಂದೇ ಫೋನಿಗೆ ತೊಂದರೆಯಿದ್ದರೆ ಎರಡು ಗುಪ್ತ ಜಾಗಗಳನ್ನು ಮರೆಯಬೇಡಿ. ಆಂಡ್ರಾಯ್ಡ್ 9ರಿಂದ ಸೆಟ್ಟಿಂಗ್ಸ್‌ನಲ್ಲಿ ‘ಪ್ರೈವೇಟ್ ಡಿಎನ್‌ಎಸ್’ ಇದೆ. ಜಾಹೀರಾತು ತಡೆಯಲೆಂದು ಅಲ್ಲಿ ಯಾವುದೋ ಸರ್ವರ್ ಹೆಸರು ಬರೆದು, ಆ ಸೇವೆ ಮುಂದೆ ನಿಂತುಹೋದರೆ ಫೋನ್ ಬೇರೆ ಸರ್ವರ್‌ಗೆ ತಿರುಗುವುದೇ ಇಲ್ಲ. ಮನೆಯ ವೈಫೈ, ಮೊಬೈಲ್ ಡೇಟಾ ಎರಡರಲ್ಲೂ ಸುಮ್ಮನೆ ಕೂರುತ್ತದೆ. ಇನ್ನೊಂದು, ಕೆಲವು ಬ್ರೌಸರ್‌ಗಳು ಸಾಧನದ ಡಿಎನ್‌ಎಸ್ ಬಿಟ್ಟು ತಮ್ಮದೇ ಸುರಕ್ಷಿತ ಡಿಎನ್‌ಎಸ್ ಬಳಸುತ್ತವೆ. ಬ್ರೌಸರ್‌ನಲ್ಲಿ ಎಲ್ಲ ತೆರೆಯುತ್ತದೆ, ಉಳಿದ ಆ್ಯಪ್‌ಗಳು ಮಾತ್ರ ಕೆಲಸ ಮಾಡುವುದಿಲ್ಲ ಎಂಬ ಒಗಟಿಗೆ ಉತ್ತರ ಹಲವು ಬಾರಿ ಇಲ್ಲಿದೆ. ಆರಿಸಲು ಮರೆತ ವಿಪಿಎನ್ (ಸಂಪರ್ಕವನ್ನು ಬೇರೊಂದು ಸರ್ವರ್ ಮೂಲಕ ಹಾಯಿಸುವ ತಂತ್ರಾಂಶ) ಕೂಡ ಇದೇ ಜಾತಿಯ ಶಂಕಿತ.

ಗಾಳಿಯ ಗದ್ದಲ

ಎರಡನೆಯ ಮೆಟ್ಟಿಲಿನಲ್ಲಿ ಸಂಖ್ಯೆ ಕುಣಿಯುತ್ತಿದ್ದರೆ ಮೊದಲು ಮಾಡಬೇಕಾದದ್ದು ಲ್ಯಾಪ್‌ಟಾಪ್‌ಗೆ ಕೇಬಲ್ ಹಾಕಿ ಅದೇ ಪಿಂಗ್ ಓಡಿಸುವುದು. ಕೇಬಲ್‌ನಲ್ಲಿ ಸಂಖ್ಯೆ ಶಾಂತವಾದರೆ ವೈಫೈಯೇ ಅಪರಾಧಿ. ಕೇಬಲ್‌ನಲ್ಲೂ ಕುಣಿದರೆ ರೂಟರ್ ಏದುಸಿರು ಬಿಡುತ್ತಿದೆ. ಅದು ಬಿಸಿಯಾಗಿದೆಯೇ, ಅದರ ವಿದ್ಯುತ್ ಅಡಾಪ್ಟರ್ ಹಳತಾಗಿದೆಯೇ ನೋಡಿ. ದುರ್ಬಲಗೊಂಡ ಅಡಾಪ್ಟರ್ ರೂಟರ್ ಅನ್ನು ಪೂರ್ತಿ ಆರಿಸುವುದಿಲ್ಲ, ಹೊರೆ ಹೆಚ್ಚಿದಾಗ ಮಾತ್ರ ತಡವರಿಸುವಂತೆ ಮಾಡುತ್ತದೆ. ಅದಕ್ಕೇ ಇದನ್ನು ಕೊನೆಯವರೆಗೂ ಯಾರೂ ಅನುಮಾನಿಸುವುದಿಲ್ಲ. ಬದಲಿ ಅಡಾಪ್ಟರ್ ಹಾಕುವಾಗ ವೋಲ್ಟೇಜ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚು ಇರಬೇಕು, ಪಿನ್ನಿನ ಧ್ರುವವೂ ಹೊಂದಬೇಕು.

ವೈಫೈ ಅಪರಾಧಿಯಾದರೆ ಗೆರೆಗಳನ್ನು ಬಿಟ್ಟು ಸಿಗ್ನಲ್ ಬಲದ ಅಳತೆಯಾದ ಡಿಬಿಎಂ ಸಂಖ್ಯೆ ನೋಡಿ. ವೈಫೈ ವಿಶ್ಲೇಷಿಸುವ ಆ್ಯಪ್‌ಗಳು ಇದನ್ನು ತೋರಿಸುತ್ತವೆ. ಸಂಖ್ಯೆ ಋಣಾತ್ಮಕವಾಗಿರುತ್ತದೆ, ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು. ರೂಟರ್ ಪಕ್ಕದಲ್ಲಿ -30ರ ಆಸುಪಾಸು, ವಿಡಿಯೊ ಕರೆ ಸುಗಮವಾಗಿ ನಡೆಯಲು -67ರಷ್ಟು, -80ಕ್ಕೆ ಬಂದರೆ ಹೆಸರಿಗಷ್ಟೇ ಸಂಪರ್ಕ. ಇದು ನೇರ ಅಳತೆಯಲ್ಲ: 10 ಡೆಸಿಬೆಲ್ ಇಳಿದರೆ ಶಕ್ತಿ ಹತ್ತನೇ ಒಂದಕ್ಕೆ ಇಳಿದಂತೆ. ಎಷ್ಟೋ ಮನೆಗಳಲ್ಲಿ ರೂಟರ್ ಕೂತಿರುವುದು ಟಿವಿಯ ಹಿಂದೆ, ಇಲ್ಲವೇ ಲೋಹದ ಕಪಾಟಿನೊಳಗೆ. ಎತ್ತರದಲ್ಲಿ, ಬಯಲಿನಲ್ಲಿ, ಮನೆಯ ನಡುಭಾಗದಲ್ಲಿ ಇಟ್ಟರೆ ಸಿಗುವ ಲಾಭ ಯಾವ ‘ಸಿಗ್ನಲ್ ಬೂಸ್ಟರ್’ ಆ್ಯಪ್‌ನಿಂದಲೂ ಸಿಗುವುದಿಲ್ಲ. ಆ ಆ್ಯಪ್‌ಗಳು ಬೂಸ್ಟ್ ಮಾಡುವುದು ಜಾಹೀರಾತುಗಳನ್ನು.

ಬಲ ಚೆನ್ನಾಗಿದ್ದೂ ಕುಣಿತ ನಿಲ್ಲದಿದ್ದರೆ ಗದ್ದಲದ ಪ್ರಶ್ನೆ ಬರುತ್ತದೆ. ವೈಫೈ ಬಳಸುವ ಆವರ್ತನಗಳಲ್ಲಿ ಒಂದಾದ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಚಾನೆಲ್‌ಗಳ ನಡುವೆ 5 ಮೆಗಾಹರ್ಟ್ಸ್ ಅಂತರ ಮಾತ್ರ ಇದೆ, ಆದರೆ ಒಂದು ವೈಫೈ ಸಂಕೇತ ಸುಮಾರು 20 ಮೆಗಾಹರ್ಟ್ಸ್ ಅಗಲವಾಗಿ ಹರಡಿಕೊಳ್ಳುತ್ತದೆ. ಒಂದರ ಮೇಲೊಂದು ಬೀಳದಂತೆ ಕೂರಬಲ್ಲವು ಮೂರೇ: 1, 6 ಮತ್ತು 11. ‘ಪಕ್ಕದ ಮನೆಯವರೆಲ್ಲ 6ರಲ್ಲಿದ್ದಾರೆ, ನಾನು 4ಕ್ಕೆ ಹೋಗುತ್ತೇನೆ’ ಎಂಬುದು ಜಾಣತನದಂತೆ ಕಂಡರೂ ಕೆಟ್ಟ ಆಯ್ಕೆ. ಒಂದೇ ಚಾನೆಲ್‌ನಲ್ಲಿರುವ ರೂಟರ್‌ಗಳು ಒಂದರ ಮಾತು ಇನ್ನೊಂದಕ್ಕೆ ಕೇಳಿಸಿ ಸರದಿ ಕಾಯುತ್ತವೆ; ಅರ್ಧ ಹೊಂದುವ 4ರಲ್ಲಿದ್ದರೆ ಆಚೆಯವರ ಮಾತು ಬರೀ ಕರ್ಕಶ ಸದ್ದಾಗಿ ಬರುತ್ತದೆ, ಇಬ್ಬರ ಪೊಟ್ಟಣಗಳೂ ಹಾಳಾಗುತ್ತವೆ. ಅದೇ ಕಾರಣಕ್ಕೆ 2.4ರಲ್ಲಿ ಚಾನೆಲ್ ಅಗಲವನ್ನು 40 ಬಿಟ್ಟು 20ಕ್ಕೆ ಇಳಿಸಿ.

ಮೈಕ್ರೋವೇವ್ ಒಲೆ ಕೆಲಸ ಮಾಡುವುದೂ 2.45 ಗಿಗಾಹರ್ಟ್ಸ್ ಸುಮಾರಿನಲ್ಲಿ. ಇನ್ನೊಂದು ಶಂಕಿತ ಮೇಜಿನ ಮೇಲೆಯೇ ಇರುತ್ತದೆ: ಯುಎಸ್‌ಬಿ 3.0 ಸಾಧನಗಳು ಮತ್ತು ಅವುಗಳ ಕೇಬಲ್‌ಗಳು 2.4 ಗಿಗಾಹರ್ಟ್ಸ್ ಸುತ್ತಮುತ್ತ ರೇಡಿಯೊ ಸದ್ದು ಹೊರಸೂಸುತ್ತವೆ. 2012ರಲ್ಲಿ ಇಂಟೆಲ್ ಕಂಪನಿಯೇ ಇದನ್ನು ಅಳೆದು ಪ್ರಕಟಿಸಿದೆ. ಹಾರ್ಡ್ ಡಿಸ್ಕ್ ಜೋಡಿಸಿದಾಗಲೆಲ್ಲ ವೈರ್‌ಲೆಸ್ ಮೌಸ್ ತಡವರಿಸುವುದು, ಲ್ಯಾಪ್‌ಟಾಪ್‌ನ ವೈಫೈ ನಿಧಾನವಾಗುವುದು ಈ ಕಾರಣದಿಂದ. ಡಿಸ್ಕ್ ಅನ್ನು ಒಂದು ಅಡಿ ದೂರ ಸರಿಸಿ, ಇಲ್ಲವೇ 5 ಗಿಗಾಹರ್ಟ್ಸ್‌ಗೆ ಬದಲಾಗಿ.

5 ಗಿಗಾಹರ್ಟ್ಸ್ ಶುಭ್ರ, ಆದರೆ ಗೋಡೆ ದಾಟುವುದರಲ್ಲಿ ಸೋಮಾರಿ. ಅದಕ್ಕೂ ಒಂದು ವಿಶಿಷ್ಟ ದೋಷವಿದೆ. 52ರಿಂದ 144ರವರೆಗಿನ ಚಾನೆಲ್‌ಗಳನ್ನು ಹವಾಮಾನ ಮುಂತಾದ ರೇಡಾರ್‌ಗಳೊಂದಿಗೆ ಹಂಚಿಕೊಳ್ಳಬೇಕಾಗುತ್ತದೆ. ಅಲ್ಲಿ ಪ್ರಸಾರ ಆರಂಭಿಸುವ ಮುನ್ನ ರೂಟರ್ ಸಾಮಾನ್ಯವಾಗಿ 60 ಸೆಕೆಂಡು ಕಿವಿಗೊಟ್ಟು ಕೇಳಬೇಕು, ರೇಡಾರ್ ಸದ್ದು ಕೇಳಿದರೆ ಆ ಚಾನೆಲ್ ಬಿಟ್ಟು ಹೊರಡಬೇಕು. 5 ಗಿಗಾಹರ್ಟ್ಸ್ ಹೆಸರು ಆಗಾಗ ಪಟ್ಟಿಯಿಂದ ಪೂರ್ತಿ ಮಾಯವಾಗಿ ಸ್ವಲ್ಪ ಹೊತ್ತಿಗೆ ಮರಳುತ್ತಿದ್ದರೆ ರೂಟರ್ ಕೆಟ್ಟಿದೆ ಎಂದುಕೊಳ್ಳಬೇಡಿ. ಚಾನೆಲ್ ಅನ್ನು 36ರಿಂದ 48ರ ನಡುವೆ ಕೈಯಿಂದಲೇ ನಿಗದಿಪಡಿಸಿ ನೋಡಿ.

ಬಲ್ಬು, ಕ್ಯಾಮೆರಾಗಳಂಥ ಅಗ್ಗದ ಸಾಧನಗಳಲ್ಲಿ ಬಹುಪಾಲು 2.4 ಮಾತ್ರ ಬಲ್ಲವು. ಅವು ಸೇರದಿದ್ದರೆ ಭದ್ರತಾ ವಿಧಾನ ಡಬ್ಲ್ಯುಪಿಎ3 ಮಾತ್ರ ಎಂದಿದೆಯೇ ನೋಡಿ, ಡಬ್ಲ್ಯುಪಿಎ2ಕ್ಕೆ ತಂದು ಪ್ರಯತ್ನಿಸಿ.

ಕೇಬಲ್ ಬಗ್ಗೆ ಎರಡೇ ಮಾತು. ವೇಗ ಎಂದಿಗೂ ಸೆಕೆಂಡಿಗೆ 94 ಮೆಗಾಬಿಟ್ ದಾಟುತ್ತಿಲ್ಲ, ಪ್ಲ್ಯಾನ್ ಮಾತ್ರ 200 ಅಥವಾ 300ರದು ಎಂದಾದರೆ ಎಲ್ಲೋ ಒಂದು ಕೇಬಲ್ 100 ಮೆಗಾಬಿಟ್‌ಗೆ ಇಳಿದಿದೆ. ಗಿಗಾಬಿಟ್‌ಗೆ ಕೇಬಲ್‌ನೊಳಗಿನ ನಾಲ್ಕು ಜೋಡಿ ತಂತಿಗಳೂ ಬೇಕು, 100 ಮೆಗಾಬಿಟ್‌ಗೆ ಎರಡು ಜೋಡಿ ಸಾಕು. ಒಂದು ಎಳೆ ಹೋದರೆ ಸಾಧನಗಳು ಗೊಣಗದೆ ಕೆಳಗಿನ ವೇಗಕ್ಕೆ ಇಳಿದುಬಿಡುತ್ತವೆ. ಅಂದ ಹಾಗೆ ಡೌನ್‌ಲೋಡ್ ಕಿಟಕಿಯಲ್ಲಿ ಕಾಣುವುದು ಸಾಮಾನ್ಯವಾಗಿ ಮೆಗಾಬೈಟ್. 100 ಮೆಗಾಬಿಟ್ ಲೈನ್‌ನಲ್ಲಿ 12 ಮೆಗಾಬೈಟ್ ಕಂಡರೆ ಯಾರೂ ಮೋಸ ಮಾಡಿಲ್ಲ.

ವೇಗ ಪರೀಕ್ಷೆ ಪಾಸು, ವಿಡಿಯೊ ಕರೆ ಫೇಲು

ನನ್ನ ಅನುಭವದಲ್ಲಿ ಅತ್ಯಂತ ಹೆಚ್ಚು ತಪ್ಪಾಗಿ ಅರ್ಥೈಸಿಕೊಳ್ಳುವ ದೋಷ ಇದೇ. ಮೆಟ್ಟಿಲುಗಳೆಲ್ಲ ಸರಿಯಾಗಿವೆ, ವೇಗ ಪರೀಕ್ಷೆಯೂ ಪೂರ್ತಿ ಅಂಕ ಕೊಡುತ್ತದೆ. ಆದರೆ ಮನೆಯಲ್ಲಿ ಯಾರದೋ ಫೋನ್ ಫೋಟೊಗಳನ್ನು ಬ್ಯಾಕಪ್ ಮಾಡತೊಡಗಿದ ಕೂಡಲೇ ವಿಡಿಯೊ ಕರೆಯಲ್ಲಿ ಮುಖಗಳು ಕಲ್ಲಾಗುತ್ತವೆ.

ಅಳೆಯುವ ಬಗೆ ಹೀಗೆ. ಒಂದು ಕಿಟಕಿಯಲ್ಲಿ 1.1.1.1ಕ್ಕೆ ನಿರಂತರ ಪಿಂಗ್ ಓಡಿಸಿ, ಇನ್ನೊಂದು ಕಡೆ ದೊಡ್ಡ ಫೈಲೊಂದನ್ನು ಅಪ್‌ಲೋಡ್ ಮಾಡಿ. ಮೊದಲು 15 ಮಿಲಿಸೆಕೆಂಡ್ ಇದ್ದದ್ದು ಅಪ್‌ಲೋಡ್ ಶುರುವಾದೊಡನೆ 300, 600, ಸಾವಿರಕ್ಕೆ ಏರಿ, ನಿಲ್ಲಿಸಿದೊಡನೆ 15ಕ್ಕೆ ಮರಳಿದರೆ ಬಫರ್‌ಬ್ಲೋಟ್ ಎಂಬ ತೊಂದರೆ ನಿಮ್ಮಲ್ಲಿದೆ. ರೂಟರ್ ಅಥವಾ ಮೋಡೆಮ್ ಒಂದು ಪೊಟ್ಟಣವನ್ನೂ ಕಳೆದುಕೊಳ್ಳಬಾರದೆಂದು ಅತಿ ದೊಡ್ಡ ಸಾಲು ಕಟ್ಟಿಸುತ್ತದೆ. ಒಂದೇ ಕಿರಿದಾದ ಬಾಗಿಲ ಮುಂದೆ ಮೂಟೆ ಹೊತ್ತವರು ನೂರಾರು ಜನ ನಿಂತಿದ್ದಾಗ, ಕೈಯಲ್ಲಿ ಬರೀ ಚೀಟಿ ಹಿಡಿದು ಬಂದವನೂ ಅವರೆಲ್ಲರ ಹಿಂದೆ ನಿಲ್ಲಬೇಕು. ನಿಮ್ಮ ಧ್ವನಿಯ ಸಣ್ಣ ಪೊಟ್ಟಣಗಳು ಆ ಚೀಟಿಯವನ ಸ್ಥಿತಿಯಲ್ಲಿರುತ್ತವೆ. ಅಪ್‌ಲೋಡ್ ವೇಗ ಡೌನ್‌ಲೋಡ್‌ಗಿಂತ ಬಹಳ ಕಡಿಮೆ ಇರುವ ಲೈನ್‌ಗಳಲ್ಲಿ ಇದು ಹೆಚ್ಚು, ಏಕೆಂದರೆ ಬಾಗಿಲು ಅಲ್ಲಿ ಇನ್ನೂ ಕಿರಿದು.

ಹೆಚ್ಚು ವೇಗದ ಪ್ಲ್ಯಾನ್ ಕೊಂಡರೆ ಸಾಲು ಬೇಗ ಕರಗುತ್ತದೆ, ಸಾಲು ಕಟ್ಟಿಸುವ ಬುದ್ಧಿ ಬದಲಾಗುವುದಿಲ್ಲ. ಸರಿಯಾದ ಮದ್ದು ರೂಟರ್‌ನಲ್ಲಿ ಸಾಲನ್ನು ಜಾಣತನದಿಂದ ನಿಭಾಯಿಸುವ ವ್ಯವಸ್ಥೆ. ಎಸ್‌ಕ್ಯುಎಂ (SQM), ಎಫ್‌ಕ್ಯು-ಕೋಡೆಲ್ (fq_codel), ಕೇಕ್ (CAKE) ಎಂಬ ಹೆಸರುಗಳನ್ನು ಸೆಟ್ಟಿಂಗ್ಸ್‌ನಲ್ಲಿ ಹುಡುಕಿ. ಅಲ್ಲಿ ಅಪ್‌ಲೋಡ್ ಮಿತಿಯನ್ನು ನೀವೇ ಅಳೆದ ನಿಜವಾದ ವೇಗದ ಶೇಕಡಾ 85ರಿಂದ 90ಕ್ಕೆ ನಿಲ್ಲಿಸಿ. ಹತ್ತು ಶೇಕಡಾ ವೇಗ ಬಿಟ್ಟುಕೊಡುವುದು ಮೊದಲು ನಷ್ಟವೆನಿಸುತ್ತದೆ. ಆದರೆ ಸಾಲು ಮೋಡೆಮ್‌ನಲ್ಲಿ ಬೆಳೆಯದೆ ರೂಟರ್‌ನ ಹಿಡಿತಕ್ಕೆ ಬರಬೇಕಾದರೆ ಅಷ್ಟು ಬಿಡಲೇಬೇಕು. ಈ ಸೌಲಭ್ಯವಿಲ್ಲದ ರೂಟರ್ ಆದರೆ ಬ್ಯಾಕಪ್ ಆ್ಯಪ್‌ನ ಅಪ್‌ಲೋಡ್ ವೇಗಕ್ಕೆ ಮಿತಿ ಹಾಕಿ, ಇಲ್ಲವೇ ಅದನ್ನು ರಾತ್ರಿಗೆ ತಳ್ಳಿ.

ಅರ್ಧ ತೆರೆಯುವ ತಾಣಗಳು

ಕೆಲವು ತಾಣಗಳು ಸರಿ, ಕೆಲವು ಮಾತ್ರ ಅರ್ಧಕ್ಕೆ ನಿಲ್ಲುತ್ತವೆ. ಪಠ್ಯ ಬರುತ್ತದೆ, ಲಾಗಿನ್ ಆಗುವುದಿಲ್ಲ. ಇಂಥಲ್ಲಿ ಪೊಟ್ಟಣದ ಗಾತ್ರವನ್ನು ಅನುಮಾನಿಸಿ. ಸಾಮಾನ್ಯ ಈಥರ್ನೆಟ್‌ನಲ್ಲಿ ಒಂದು ಪೊಟ್ಟಣದ ಗರಿಷ್ಠ ಗಾತ್ರ, ಅಂದರೆ ಎಂಟಿಯು, 1500 ಬೈಟ್. ಬಳಕೆದಾರ ಹೆಸರು, ಪಾಸ್‌ವರ್ಡ್ ಕೊಟ್ಟು ಸೇರುವ ಪಿಪಿಪಿಒಇ ಲೈನ್‌ಗಳಲ್ಲಿ 8 ಬೈಟ್ ಆ ಪದ್ಧತಿಗೇ ಹೋಗಿ ಸಾಮಾನ್ಯವಾಗಿ 1492 ಉಳಿಯುತ್ತದೆ. ನಡುವಿನ ಯಾವುದೋ ಯಂತ್ರ ‘ಪೊಟ್ಟಣ ದೊಡ್ಡದಾಯಿತು’ ಎಂಬ ಸಂದೇಶವನ್ನು ಹಿಂದಕ್ಕೆ ಕಳಿಸದೆ ನುಂಗಿದರೆ ಸಣ್ಣ ಪೊಟ್ಟಣಗಳು ಹೋಗುತ್ತವೆ, ದೊಡ್ಡವು ಸದ್ದಿಲ್ಲದೆ ಕಾಣೆಯಾಗುತ್ತವೆ. ವಿಂಡೋಸ್‌ನಲ್ಲಿ ಪಿಂಗ್‌ಗೆ ಹೈಫನ್ ಎಫ್ (-f) ಮತ್ತು ಹೈಫನ್ ಎಲ್ (-l) ಆಯ್ಕೆಗಳನ್ನು ಕೊಟ್ಟು ಗಾತ್ರ 1472 ಎಂದು ಬರೆಯಿರಿ. ಅದಕ್ಕೆ ಪೊಟ್ಟಣದ ತಲೆಬರಹದ (ವಿಳಾಸ ಮುಂತಾದ ವಿವರಗಳ) 28 ಬೈಟ್ ಸೇರಿ 1500 ಆಗುತ್ತದೆ. ಅದು ಹೋಗದೆ 1464 ಹೋದರೆ ಮಿತಿ 1492. ರೂಟರ್‌ನ ಹೊರಸಂಪರ್ಕದ ಪುಟದಲ್ಲಿ ಎಂಟಿಯು ಅಷ್ಟೇ ಇದೆಯೇ ನೋಡಿ.

ಅದಲ್ಲದಿದ್ದರೆ ಐಪಿವಿ6 (ಐಪಿ ವಿಳಾಸಗಳ ಹೊಸ ಪದ್ಧತಿ) ಅನ್ನು ಒಂದು ಸಾಧನದಲ್ಲಿ ತಾತ್ಕಾಲಿಕವಾಗಿ ನಿಲ್ಲಿಸಿ ನೋಡಿ. ಗುಣವಾದರೆ ದೋಷ ಆ ದಾರಿಯಲ್ಲಿದೆ ಎಂದು ತಿಳಿಯಿತು. ಅದನ್ನೇ ಶಾಶ್ವತ ಪರಿಹಾರವೆಂದು ಬಿಟ್ಟುಬಿಡುವುದು ನನಗೆ ಒಪ್ಪಿಗೆಯಿಲ್ಲ.

ಎಲ್ಲ ತಾಣಗಳೂ ‘ಸಂಪರ್ಕ ಸುರಕ್ಷಿತವಲ್ಲ’ ಎಂದು ಹೆದರಿಸಿದರೆ ಸಾಧನದ ದಿನಾಂಕ ನೋಡಿ. ತಾಣಗಳು ತಮ್ಮ ಗುರುತು ಸಾಬೀತುಪಡಿಸಲು ತೋರಿಸುವ ಭದ್ರತಾ ಪ್ರಮಾಣಪತ್ರಗಳಿಗೆ ಆರಂಭದ ಮತ್ತು ಮುಕ್ತಾಯದ ದಿನಾಂಕಗಳಿರುತ್ತವೆ. ಒಳಗಿನ ಬ್ಯಾಟರಿ ಸತ್ತ ಹಳೆಯ ಕಂಪ್ಯೂಟರ್ ಹತ್ತು ವರ್ಷ ಹಿಂದೆ ಇದ್ದರೆ ಅದರ ಪಾಲಿಗೆ ಇಂದಿನ ಪ್ರಮಾಣಪತ್ರಗಳೆಲ್ಲ ಇನ್ನೂ ಹುಟ್ಟಿಲ್ಲ. ದಿನಾಂಕ ಸರಿಯಿದ್ದೂ ಹಳೆಯ ಸಾಧನ ಹಟ ಮಾಡಿದರೆ ಅದರಲ್ಲಿರುವ, ಉಳಿದವನ್ನು ನಂಬಲು ಆಧಾರವಾದ ಮೂಲ ಪ್ರಮಾಣಪತ್ರಗಳ ಅವಧಿ ಮುಗಿದಿರಬಹುದು. 2021ರ ಸೆಪ್ಟೆಂಬರ್ 30ರಂದು ಉಚಿತವಾಗಿ ಪ್ರಮಾಣಪತ್ರ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಅವಲಂಬಿಸಿದ್ದ ಒಂದು ಹಳೆಯ ಮೂಲ ಪ್ರಮಾಣಪತ್ರದ ಅವಧಿ ಮುಗಿದಾಗ, ತಂತ್ರಾಂಶ ನವೀಕರಿಸದ ಹಲವು ಸಾಧನಗಳಲ್ಲಿ ನಿನ್ನೆ ತೆರೆದ ತಾಣಗಳು ಇಂದು ತೆರೆಯದಾದವು. ಇದಕ್ಕೆ ತಂತ್ರಾಂಶದ ನವೀಕರಣವೇ ಮದ್ದು, ರೂಟರ್‌ನಲ್ಲಿ ಏನೂ ಇಲ್ಲ.

ಹೊರಗಿನ ಲೈನ್ ಮತ್ತು ದೂರು

ಮೂರನೆಯ ಮೆಟ್ಟಿಲೇ ಮುರಿದಿದ್ದರೆ ಫೈಬರ್ ಪೆಟ್ಟಿಗೆಯ ದೀಪಗಳನ್ನು ನೋಡಿ. ‘ಲಾಸ್’ (LOS) ಎಂಬ ದೀಪ ಕೆಂಪಾಗಿದ್ದರೆ ಬೆಳಕು ಪೆಟ್ಟಿಗೆಯವರೆಗೆ ಬರುತ್ತಿಲ್ಲ. ನಿಮ್ಮ ಸೆಟ್ಟಿಂಗ್ಸ್‌ಗೆ ಅದರಲ್ಲಿ ಪಾತ್ರವಿಲ್ಲ. ಗೋಡೆಯಂಚಿನಲ್ಲಿ ಫೈಬರ್ ಚೂಪಾಗಿ ಬಾಗಿದೆಯೇ, ಕುರ್ಚಿಯ ಕಾಲಿನಡಿ ಸಿಕ್ಕಿದೆಯೇ ನೋಡಿ. ಕೊನೆಯನ್ನು ಬಿಚ್ಚಿ ಕಣ್ಣಿಗೆ ಹಿಡಿದು ಬೆಳಕು ಬರುತ್ತಿದೆಯೇ ಎಂದು ಮಾತ್ರ ಇಣುಕಬೇಡಿ. ಅದರಲ್ಲಿ ಹರಿಯುವ 1490 ನ್ಯಾನೊಮೀಟರ್‌ನಂಥ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಕಣ್ಣಿಗೆ ಒಳ್ಳೆಯದೂ ಅಲ್ಲ.

ಪೆಟ್ಟಿಗೆಯ ಒಳಪುಟದಲ್ಲಿ ‘ಆರ್‌ಎಕ್ಸ್ ಪವರ್’ (Rx Power), ಅಂದರೆ ಪೆಟ್ಟಿಗೆಗೆ ತಲುಪುವ ಬೆಳಕಿನ ಬಲ, ಎಂಬ ಸಂಖ್ಯೆ ಇದ್ದರೆ ಬರೆದುಕೊಳ್ಳಿ. ಮನೆಗಳಲ್ಲಿ ಸಾಮಾನ್ಯವಾದ ಜಿಪಾನ್ (GPON) ಎಂಬ ಬಗೆಯ ಫೈಬರ್ ಪೆಟ್ಟಿಗೆಗಳು -8ರಿಂದ -27 ಡಿಬಿಎಂವರೆಗಿನ ಬೆಳಕನ್ನು ಓದಬಲ್ಲವು. -26 ಎಂದು ಕಂಡರೆ ಲೈನ್ ಅಂಚಿನಲ್ಲಿ ನಿಂತಿದೆ. ಎಲ್ಲೋ ಒಂದು ಜೋಡಣೆಯಲ್ಲಿ ಧೂಳು ಅಥವಾ ಬಾಗು ಇರಬಹುದು. ‘ದಿನಕ್ಕೆ ಐದಾರು ಸಲ ಕಡಿತವಾಗುತ್ತದೆ’ ಎಂಬ ದೂರಿಗೆ ಇದಕ್ಕಿಂತ ಗಟ್ಟಿಯಾದ ಪುರಾವೆ ಬೇರೆ ಇಲ್ಲ.

ಮನೆಯ ಕ್ಯಾಮೆರಾ ಹೊರಗಿನಿಂದ ಕಾಣುತ್ತಿಲ್ಲ ಎಂಬುದಷ್ಟೇ ದೂರಾದರೆ ರೂಟರ್‌ನ ಹೊರ ವಿಳಾಸ ನೋಡಿ. ಅದು 100.64ರಿಂದ 100.127ರ ನಡುವೆ ಇದ್ದರೆ ಕಂಪನಿ ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚುತ್ತಿದೆ. ಈ ಗುಂಪನ್ನು ಅದಕ್ಕೆಂದೇ 2012ರಲ್ಲಿ ಮೀಸಲಿಡಲಾಯಿತು. ಹೊರಗಿನಿಂದ ಮನೆಯ ಸಾಧನಕ್ಕೆ ದಾರಿ ಬಿಡುವ, ಅಂದರೆ ಪೋರ್ಟ್ ತೆರೆಯುವ, ಯಾವ ಸೆಟ್ಟಿಂಗ್ಸ್ ಕೂಡ ಅಲ್ಲಿ ಫಲಿಸದು. ಪ್ರತ್ಯೇಕ ವಿಳಾಸವನ್ನೇ ಕೇಳಬೇಕು.

ಕರೆ ಮಾಡುವಾಗ ‘ನೆಟ್ ಸರಿಯಿಲ್ಲ’ ಎನ್ನಬೇಡಿ. ಕೇಬಲ್ ಹಾಕಿ ಪರೀಕ್ಷಿಸಿದ್ದೇನೆ, ರೂಟರ್‌ಗೆ ಪಿಂಗ್ ಸರಿಯಿದೆ, 1.1.1.1ಕ್ಕೆ ನೂರರಲ್ಲಿ ಇಷ್ಟು ಪೊಟ್ಟಣ ಕಾಣೆಯಾಗುತ್ತಿವೆ, ಇಂಥ ಗಂಟೆಗಳಲ್ಲಿ, ಬೆಳಕಿನ ಬಲ ಇಷ್ಟು ಎಂದು ಹೇಳಿ, ದೂರಿನ ಸಂಖ್ಯೆ ಬರೆದುಕೊಳ್ಳಿ. ‘ರೂಟರ್ ಆರಿಸಿ ಹಚ್ಚಿದಿರಾ?’ ಎಂದು ಕೇಳಿಯೇ ಕೇಳುತ್ತಾರೆ. ಆರಿಸಿ ಹಚ್ಚಿ, ಈಗ ಅದರಿಂದ ಕಳೆದುಕೊಳ್ಳುವುದೇನೂ ಇಲ್ಲ. ಆದರೆ ಸೂಜಿಯಿಂದ ಒತ್ತುವ ರೀಸೆಟ್ ಗುಂಡಿ ಒತ್ತಿ ಎಂದರೆ ಮಾತ್ರ ಒಂದು ನಿಮಿಷ ತಡೆಯಿರಿ. ಅದು ರೂಟರ್ ಅನ್ನು ಕಾರ್ಖಾನೆಯಿಂದ ಬಂದ ಸ್ಥಿತಿಗೆ ಒಯ್ಯುತ್ತದೆ; ಪಿಪಿಪಿಒಇ ಬಳಕೆದಾರ ಹೆಸರು, ಪಾಸ್‌ವರ್ಡ್, ಕೆಲವು ಲೈನ್‌ಗಳಿಗೆ ಬೇಕಾದ ವಿಲ್ಯಾನ್ (VLAN, ಒಂದೇ ಲೈನಿನ ಸೇವೆಗಳನ್ನು ಬೇರ್ಪಡಿಸುವ ಗುರುತು) ಸಂಖ್ಯೆ ಎಲ್ಲವೂ ಅಳಿಸಿಹೋಗುತ್ತವೆ. ಹೊರಸಂಪರ್ಕದ ಪುಟದ ಫೋಟೊ ತೆಗೆದು, ರೂಟರ್‌ನಲ್ಲೇ ಇರುವ ಬ್ಯಾಕಪ್ ಆಯ್ಕೆಯಿಂದ ಸೆಟ್ಟಿಂಗ್ಸ್ ಫೈಲ್ ಉಳಿಸಿಕೊಂಡು, ಪಾಸ್‌ವರ್ಡ್ ಚುಕ್ಕೆಗಳಾಗಿ ಕಂಡರೆ ಅದನ್ನು ಕರೆಯಲ್ಲಿರುವವರಿಂದಲೇ ಕೇಳಿ ಬರೆದುಕೊಂಡ ನಂತರ ಒತ್ತಿ.